ಜಗಲಿಯ ಮಾತು, ನಡುಮನೆಯ ಮಾತು

ರಾಜಕಾರಣಿಯ ಭಾಷಣವನ್ನು ಸಾಹಿತ್ಯ ಕೃತಿಯ ಹಾಗೆ ಓದುವುದು ಸಲ್ಲದೆಂಬ ಮಾತನ್ನು ನಾನು ಹಲವು ಸಲ ಕೇಳಿದ್ದೇನೆ. ಭಾಷಣ ಬರೆಯುವವನು ಒಬ್ಬ, ಆಡುವವನು ಇನ್ನೊಬ್ಬ, ಇಬ್ಬರ ಕಣ್ಣೂ ಮತದ ಮೇಲೆ. ಹೀಗಿರುವಾಗ ಅಲ್ಲಿನ ಪದಗಳನ್ನು ಹಿಂಜಿ ನೋಡುವುದರಿಂದ ಸಿಗುವುದಾದರೂ ಏನು ಎನ್ನುವುದು ಈ ಆಕ್ಷೇಪದ ತಿರುಳು. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ತನ್ನವರು ಯಾರು, ಹೊರಗಿನವರು ಯಾರು ಎಂದು ಒಂದು ಸಮಾಜ ಎಳೆದುಕೊಂಡ ಗೆರೆ ಮತಕ್ಕಾಗಿ ಆಡಿದ ಮಾತಿನಲ್ಲಿ ಕಂಡಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣುವುದಿಲ್ಲ. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷ ಸಲಿಂಗಪ್ರೇಮಿಗಳ ಬಗ್ಗೆ ಕಾಲು ಶತಮಾನದ ಅಂತರದಲ್ಲಿ ಆಡಿದ ಕೆಲವು ಮಾತುಗಳನ್ನು ಇಲ್ಲಿ ಪಠ್ಯವೆಂದೇ ಇಟ್ಟುಕೊಂಡು ಓದಲು ಹೊರಟಿದ್ದೇನೆ. 1987ರಲ್ಲಿ ಅವರನ್ನು ಮಕ್ಕಳ ಶತ್ರುಗಳೆಂಬಂತೆ ಚಿತ್ರಿಸಿದ ಅದೇ ಪಕ್ಷ 2013ರಲ್ಲಿ ತನ್ನ ನಾಯಕತ್ವದ ಸರ್ಕಾರದ ಮೂಲಕ ಅವರಿಗೆ ಮದುವೆಯ ಹಕ್ಕು ಕೊಟ್ಟಿತು. ಇದು ಹೇಗಾಯಿತು?

ಮತಕ್ಕಾಗಿ ಆಯಿತು ಎನ್ನುವುದು ಎಲ್ಲರೂ ಕೊಡುವ ಉತ್ತರ. ಅದು ಸುಳ್ಳೇನಲ್ಲ. ಆದರೆ ಆ ಉತ್ತರದಿಂದ ಹೆಚ್ಚೇನೂ ತಿಳಿಯುವುದಿಲ್ಲ. ಪಕ್ಷವೆಂದ ಮೇಲೆ ಅದು ಮತ ಕೇಳಬೇಕಾದದ್ದೇ. ಒಂದು ಮಾತು ಪ್ರಾಮಾಣಿಕವೋ ಅಲ್ಲವೋ ಎಂದು ಆಡಿದವರ ಎದೆ ಬಗೆದು ನೋಡುವುದು ವಿಮರ್ಶಕನಿಗೆ ಸಾಧ್ಯವಿಲ್ಲ. ಅದನ್ನು ಯಾರಿಗೆ ಹೇಳಿದರು, ಎಲ್ಲಿ ನಿಂತು ಹೇಳಿದರು, ಹೇಳಿದ್ದಕ್ಕೆ ಏನು ಬೆಲೆ ತೆತ್ತರು ಎಂಬುದನ್ನು ಮಾತ್ರ ನೋಡಬಹುದು. ನಮ್ಮ ಹಳ್ಳಿಮನೆಗಳನ್ನು ನೆನೆಸಿಕೊಳ್ಳಿ. ಅಂಗಳದಲ್ಲಿ ನಿಲ್ಲುವವರು ಬೇರೆ, ಜಗಲಿಯ ತನಕ ಬರುವವರು ಬೇರೆ, ನಡುಮನೆಗೆ ಬರುವವರು ಬೇರೆ. ಜಗಲಿಯಲ್ಲಿ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, ನಗುನಗುತ್ತ ಮಾತಾಡಿಸಿದ ಯಜಮಾನ ಆ ಮನುಷ್ಯ ಹೋದಮೇಲೆ ಒಳಗೆ ಏನೆನ್ನುತ್ತಾನೆ ಎಂಬುದರಲ್ಲೇ ಎಲ್ಲ ಇದೆ. ಒಂದು ಪಕ್ಷ ಹೊಸ ಮತದಾರರನ್ನು ಕರೆಯುವಾಗ ಅವರಿಗೆ ಏನು ಹೇಳಿತು ಎನ್ನುವುದು ಜಗಲಿಯ ಮಾತು. ತನ್ನ ಹಳೆಯ ಮತದಾರರಿಗೆ ಏನು ಹೇಳಿತು ಎನ್ನುವುದು ನಡುಮನೆಯ ಮಾತು. ನಾನು ಅಳೆಯಲು ಬಯಸುವುದು ಈ ಎರಡನೆಯದನ್ನು.

ಮೊದಲಿಗೆ ಗಮನಿಸಬೇಕಾದ್ದೆಂದರೆ, ಇವರು ಆ ಮನೆಗೆ ಹೊರಗಿನವರೇ ಆಗಿರಲಿಲ್ಲ. ಇಯಾನ್ ಹಾರ್ವಿ ಎಂಬ ಕನ್ಸರ್ವೇಟಿವ್ ಸಂಸದ ವಿದೇಶಾಂಗ ಇಲಾಖೆಯಲ್ಲಿ ಕಿರಿಯ ಮಂತ್ರಿಯಾಗಿದ್ದವರು. 1958ರಲ್ಲಿ ಲಂಡನ್ನಿನ ಉದ್ಯಾನವೊಂದರಲ್ಲಿ ಒಬ್ಬ ಸೈನಿಕನ ಜೊತೆ ಪೊಲೀಸರ ಕೈಗೆ ಸಿಕ್ಕಿಬಿದ್ದು ಮಂತ್ರಿಗಿರಿಯನ್ನೂ ಸಂಸತ್ತಿನ ಸ್ಥಾನವನ್ನೂ ಕಳೆದುಕೊಂಡರು. 1971ರಲ್ಲಿ ತಮ್ಮ ಪತನದ ಕಥೆಯನ್ನು ತಾವೇ ಪುಸ್ತಕವಾಗಿ ಬರೆದರು. ಪಕ್ಷದೊಳಗೇ ಸಲಿಂಗಪ್ರೇಮಿಗಳ ಸಮಾನತೆಗಾಗಿ 1975ರಲ್ಲಿ ಒಂದು ಗುಂಪು ಹುಟ್ಟಿಕೊಂಡಾಗ ಮುಂದೆ ಅದರಲ್ಲಿ ದುಡಿದರು. ಇನ್ನೊಂದು ಸಂಗತಿ ಹಲವರಿಗೆ ಆಶ್ಚರ್ಯವೆನಿಸಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಬ್ಬರು ವಯಸ್ಕ ಗಂಡಸರ ಖಾಸಗಿ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದದ್ದು 1967ರ ಕಾನೂನು. ಲೇಬರ್ ಪಕ್ಷದ ಲಿಯೊ ಆಬ್ಸ್ ಮುಂದಿಟ್ಟ ಆ ಮಸೂದೆಯನ್ನು ಬೆಂಬಲಿಸಿದ ಬೆರಳೆಣಿಕೆಯ ಕನ್ಸರ್ವೇಟಿವ್ ಸಂಸದರಲ್ಲಿ ಮಾರ್ಗರೆಟ್ ಥ್ಯಾಚರ್ ಒಬ್ಬರು. ನಾಲ್ಕು ಗೋಡೆಗಳ ಒಳಗೆ ನಡೆಯುವುದು ಪೊಲೀಸರಿಗೆ ಸಂಬಂಧಪಟ್ಟದ್ದಲ್ಲ ಎಂಬ ನಿಲುವು ಅದು. ಆದರೆ ಗೋಡೆಯ ಆಚೆ, ಹಗಲಿನಲ್ಲಿ, ಹೆಸರು ಹೇಳಿಕೊಂಡು ಬದುಕುವ ಮಾತು ಬಂದಾಗ ಅದೇ ಥ್ಯಾಚರ್ ಬೇರೆಯಾದರು.

1987ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ ಹಚ್ಚಿದ ಭಿತ್ತಿಪತ್ರವೊಂದರಲ್ಲಿ ಕೆಲವು ಪುಸ್ತಕಗಳ ಮುಖಪುಟಗಳಿದ್ದವು. ಸಲಿಂಗಪ್ರೇಮಿ ತರುಣರಿಗಾಗಿ ಬರೆದ ಪುಸ್ತಕ ಅವುಗಳಲ್ಲಿ ಒಂದು. ಲೇಬರ್ ಪಕ್ಷದವರ ಶಿಕ್ಷಣವೆಂದರೆ ಇದೇ ತಾನೆ ಎಂದು ಕೆಣಕುವ ಪ್ರಶ್ನೆ ಅದರ ಮೇಲಿತ್ತು. ಅದೇ ಕಾಲದಲ್ಲಿ ಪತ್ರಿಕೆಗಳು ಗುಲ್ಲೆಬ್ಬಿಸಿದ್ದು ಇನ್ನೊಂದು ಚಿಕ್ಕ ಪುಸ್ತಕದ ಮೇಲೆ: ಡೆನ್ಮಾರ್ಕಿನ ಸುಸಾನ್ ಬೋಷ ಬರೆದ ‘ಜೆನ್ನಿ ಲಿವ್ಸ್ ವಿತ್ ಎರಿಕ್ ಅಂಡ್ ಮಾರ್ಟಿನ್’. 1983ರಲ್ಲಿ ಇಂಗ್ಲಿಷಿಗೆ ಬಂದ ಈ ಚಿತ್ರಪುಸ್ತಕದಲ್ಲಿ ಒಬ್ಬ ಪುಟ್ಟ ಹುಡುಗಿ, ಅವಳ ಅಪ್ಪ, ಅಪ್ಪನ ಸಂಗಾತಿ ಮೂವರೂ ಒಂದು ಮನೆಯಲ್ಲಿದ್ದಾರೆ. ತಿಂಡಿ ತಿನ್ನುತ್ತಾರೆ, ಬಟ್ಟೆ ಒಗೆಯಲು ಹೋಗುತ್ತಾರೆ. ಇಷ್ಟೇ. ಆ ವರ್ಷದ ಅಕ್ಟೋಬರಿನಲ್ಲಿ ಬ್ಲ್ಯಾಕ್‌ಪೂಲ್ ಸಮಾವೇಶದಲ್ಲಿ ಥ್ಯಾಚರ್ ಆಡಿದ ಮಾತಿನ ಸಾರಾಂಶ ಹೀಗಿದೆ: ಪರಂಪರೆಯ ನೈತಿಕ ಮೌಲ್ಯಗಳನ್ನು ಗೌರವಿಸಲು ಕಲಿಯಬೇಕಾದ ಮಕ್ಕಳಿಗೆ, ಸಲಿಂಗಪ್ರೇಮಿಗಳಾಗಿರುವುದು ಯಾರೂ ಕಿತ್ತುಕೊಳ್ಳಲಾಗದ ಹಕ್ಕೆಂದು ಕಲಿಸಲಾಗುತ್ತಿದೆ, ಬದುಕನ್ನು ಭದ್ರವಾಗಿ ಆರಂಭಿಸುವ ಅವಕಾಶವನ್ನು ಈ ಮಕ್ಕಳಿಗೆ ವಂಚಿಸಲಾಗುತ್ತಿದೆ.

ಈ ವಾಕ್ಯದ ಜಾಣತನವನ್ನು ನೋಡಿ. ಇಲ್ಲಿ ಮಕ್ಕಳಿದ್ದಾರೆ, ಅವರನ್ನು ಕೆಡಿಸುವವರಿದ್ದಾರೆ. ಕೆಡಿಸುವವರ ಮಾತನ್ನು ಕೇಳಿ ಸಮಾಧಾನಪಡುವ ಒಬ್ಬನೇ ಒಬ್ಬ ಹುಡುಗ, ಒಬ್ಬಳೇ ಒಬ್ಬ ಹುಡುಗಿ ಆ ತರಗತಿಯಲ್ಲಿ ಕೂತಿರಬಹುದು ಎಂಬ ಊಹೆಗೆ ಮಾತ್ರ ಇಲ್ಲಿ ಜಾಗವಿಲ್ಲ. ಮಗು ಯಾವಾಗಲೂ ನಮ್ಮದು, ಸಲಿಂಗಪ್ರೇಮಿ ಯಾವಾಗಲೂ ಹೊರಗಿನಿಂದ ಬಂದವನು. ಸಭಾಂಗಣದಲ್ಲಿ ಕೂತ ತಾಯಿತಂದೆಗಳಲ್ಲಿ ಕೆಲವರ ಮನೆಯಲ್ಲಾದರೂ ಅಂಥ ಮಗು ಇದ್ದಿರಲೇಬೇಕು.

ಈ ಭಾಷಣವೇ ಮರುವರ್ಷ ಕಾನೂನಿನ ಭಾಷೆಯಾಯಿತು. 1988ರ ಸ್ಥಳೀಯಾಡಳಿತ ಕಾಯಿದೆಯ 28ನೆಯ ಕಲಂ ಸ್ಥಳೀಯ ಸಂಸ್ಥೆಗಳು ಬೇಕೆಂದೇ ಸಲಿಂಗಕಾಮವನ್ನು ‘ಉತ್ತೇಜಿಸಬಾರದು’ ಎಂದಿತು. ಅದನ್ನು ಒಂದು ಸ್ವೀಕಾರಾರ್ಹ ಕುಟುಂಬ ಸಂಬಂಧವೆಂದು ಸರ್ಕಾರಿ ಶಾಲೆಗಳಲ್ಲಿ ಕಲಿಸುವುದಕ್ಕೆ ಪ್ರೋತ್ಸಾಹ ಕೊಡಬಾರದು ಎಂದಿತು. ಆ ‘ಕುಟುಂಬ ಸಂಬಂಧ’ದ ಹಿಂದೆ ಕಲಂ ಒಂದು ವಿಶೇಷಣವನ್ನು ಹಚ್ಚಿತ್ತು: ‘ಪ್ರಿಟೆಂಡೆಡ್’. ಕನ್ನಡದಲ್ಲಿ ಇದಕ್ಕೆ ನನಗೆ ತೋಚುವ ಸರಿಯಾದ ಮಾತು ‘ಸೋಗಿನ’ ಎಂಬುದು. ಸೋಗಿನ ಸಂಸಾರ. ಕೂಡಿ ಬಾಳುವವರು, ಕಾಯಿಲೆ ಬಿದ್ದಾಗ ಗಂಜಿ ಕಾಯಿಸಿ ಕೊಡುವವರು, ಬಾಡಿಗೆ ಹಂಚಿಕೊಳ್ಳುವವರು ಸಂಸಾರ ಮಾಡುತ್ತಿಲ್ಲ, ಸಂಸಾರದ ಸೋಗು ಹಾಕಿದ್ದಾರೆ ಎಂದು ಒಂದು ರಾಷ್ಟ್ರದ ಸಂಸತ್ತು ಕಾನೂನಿನಲ್ಲಿ ಬರೆಯಿತು. ಆಗ ಏಡ್ಸ್ ರೋಗದ ಕಾಲ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಇಂಥ ಸೋಗಿನ ಸಂಸಾರಿಗಳು ತಮ್ಮವರ ಹಾಸಿಗೆಯ ಪಕ್ಕ ರಾತ್ರಿ ಕಳೆಯುತ್ತಿದ್ದರು. ನ್ಯಾಯವಾಗಿ ಹೇಳಬೇಕೆಂದರೆ, ಮನೆಮನೆಗೆ ಕರಪತ್ರ ಹಂಚಿ ಏಡ್ಸ್ ಬಗ್ಗೆ ಬಿಚ್ಚುಮಾತಿನಲ್ಲಿ ತಿಳಿವಳಿಕೆ ಕೊಟ್ಟವರೂ ಇದೇ ಸರ್ಕಾರದ ಆರೋಗ್ಯ ಮಂತ್ರಿ ನಾರ್ಮನ್ ಫೌಲರ್. ಒಂದು ಕೈ ಕರಪತ್ರ ಹಂಚುತ್ತಿದ್ದಾಗ ಇನ್ನೊಂದು ಕೈ ಈ ಕಲಂ ಬರೆಯಿತು.

ಈ ಕಲಮಿನ ಕೆಳಗೆ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಹಾಗಾದರೆ ಅದು ನಿರುಪದ್ರವಿಯಾಗಿತ್ತೆ? ಖಂಡಿತ ಇಲ್ಲ. ಏನು ಹೇಳಿದರೆ ‘ಉತ್ತೇಜನ’ವಾಗುತ್ತದೆಂದು ಗೊತ್ತಿಲ್ಲದ ಮೇಷ್ಟರುಗಳು ಏನನ್ನೂ ಹೇಳದಿರುವುದೇ ಕ್ಷೇಮವೆಂದುಕೊಂಡರು. ಹುಡುಗನೊಬ್ಬನನ್ನು ಅಡ್ಡಹೆಸರಿನಿಂದ ಚುಚ್ಚುತ್ತಿದ್ದಾಗ ಬಾಯಿ ಹಾಕಲು ಹೆದರಿದರು. ಹಲವು ಕಾನೂನುಗಳು ಶಿಕ್ಷೆಯಿಂದ ಕೆಲಸ ಮಾಡಿದರೆ ಇದು ಮೌನದಿಂದ ಕೆಲಸ ಮಾಡಿತು. ಮೌನವನ್ನು ಮುರಿಯಲು ಹೊರಟವರ ಸಾಹಸಗಳೂ ಸಣ್ಣವಲ್ಲ. 1988ರ ಫೆಬ್ರವರಿಯಲ್ಲಿ ಕೆಲವು ಲೆಸ್ಬಿಯನ್ ಮಹಿಳೆಯರು ಲಾರ್ಡ್ಸ್ ಸಭೆಯ ಗ್ಯಾಲರಿಯಿಂದ ಹಗ್ಗ ಕಟ್ಟಿಕೊಂಡು ಸಭೆಯೊಳಕ್ಕೆ ಇಳಿದರು. ಮೇ 23ರಂದು, ಕಲಂ ಜಾರಿಗೆ ಬರುವ ಹಿಂದಿನ ಸಂಜೆ, ಬಿಬಿಸಿಯ ಆರು ಗಂಟೆಯ ವಾರ್ತೆ ನಡೆಯುತ್ತಿದ್ದಾಗಲೇ ಸ್ಟುಡಿಯೋಗೆ ನುಗ್ಗಿದರು. ಮ್ಯಾಂಚೆಸ್ಟರ್ ನಗರದಲ್ಲಿ ಸಾವಿರಾರು ಜನ ಮೆರವಣಿಗೆ ಮಾಡಿದರು. ನಟ ಇಯಾನ್ ಮೆಕೆಲನ್ ಇದೇ ಕಲಮಿನ ಚರ್ಚೆಯ ನಡುವೆ ರೇಡಿಯೋದಲ್ಲಿ ತಾನೂ ಸಲಿಂಗಪ್ರೇಮಿಯೆಂದು ಹೇಳಿಕೊಂಡರು.

ಇಲ್ಲಿಂದ ಮುಂದಿನ ಹದಿನೈದು ವರ್ಷ ಪಕ್ಷ ಎರಡು ದೋಣಿಯಲ್ಲಿ ಕಾಲಿಟ್ಟು ನಡೆಯಿತು. 1991ರಲ್ಲಿ ಪ್ರಧಾನಿ ಜಾನ್ ಮೇಜರ್ ಮೆಕೆಲನ್ ಅವರನ್ನು ಬರಮಾಡಿಕೊಂಡು ಮಾತಾಡಿದರು. 1994ರಲ್ಲಿ ಗಂಡಸರ ಸಂಬಂಧಕ್ಕೆ ಒಪ್ಪಿಗೆಯ ವಯಸ್ಸನ್ನು 21ರಿಂದ ಎಲ್ಲರಂತೆ 16ಕ್ಕೆ ಇಳಿಸಬೇಕೆಂದು ತಿದ್ದುಪಡಿ ತಂದವರು ಕನ್ಸರ್ವೇಟಿವ್ ಸಂಸದೆ ಎಡ್ವಿನಾ ಕರಿ. ಅದು 280ಕ್ಕೆ 307 ಮತಗಳಿಂದ ಬಿದ್ದು 18ಕ್ಕೆ ರಾಜಿಯಾಯಿತು. 2002ರಲ್ಲಿ ಅಲನ್ ಡಂಕನ್ ಅಧಿಕಾರದಲ್ಲಿದ್ದ ಕನ್ಸರ್ವೇಟಿವ್ ಸಂಸದರಲ್ಲಿ ಮೊದಲಿಗರಾಗಿ ತಾವಾಗಿಯೇ ತಮ್ಮ ವಿಷಯ ಬಹಿರಂಗಪಡಿಸಿದರು. ಅದೇ ವರ್ಷ ಬೋರ್ನ್‌ಮತ್ ಸಮಾವೇಶದಲ್ಲಿ ತೆರೆಸಾ ಮೇ ಎದ್ದು ನಿಂತು, ಜನ ನಮ್ಮನ್ನು ಕೆಟ್ಟ ಮನಸ್ಸಿನ ಪಕ್ಷವೆನ್ನುತ್ತಾರೆ ಎಂದು ಪಕ್ಷದವರ ಮುಖಕ್ಕೇ ಹೇಳಿದರು. ಒಂದು ತಿಂಗಳು ಕಳೆಯುವಷ್ಟರಲ್ಲಿ, ಮದುವೆಯಾಗದ ಜೋಡಿಗಳು ಮಕ್ಕಳನ್ನು ದತ್ತು ಪಡೆಯುವ ಹಕ್ಕನ್ನು ವಿರೋಧಿಸುವಂತೆ ನಾಯಕ ಇಯಾನ್ ಡಂಕನ್ ಸ್ಮಿತ್ ವಿಪ್ ಹೊರಡಿಸಿದರು. ಸಲಿಂಗ ಜೋಡಿಗಳೂ ಅದರಲ್ಲಿ ಸೇರಿದ್ದರು. ಕೊನೆಗೆ 28ನೆಯ ಕಲಮನ್ನು ಸ್ಕಾಟ್ಲೆಂಡಿನಲ್ಲಿ 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಲ್ಲಿ ತೆಗೆದದ್ದು ಲೇಬರ್ ಆಡಳಿತದ ಕಾಲದಲ್ಲಿ.

ಡೇವಿಡ್ ಕ್ಯಾಮರನ್ ಬಂದದ್ದು ಈ ಹಿನ್ನೆಲೆಯಲ್ಲಿ. ಅವರ ಹಿಂದಿನ ದಾಖಲೆ ಚೆನ್ನಾಗಿರಲಿಲ್ಲ. 2000ದಲ್ಲಿ, ಬ್ಲೇರ್ ಸರ್ಕಾರ ಶಾಲೆಗಳಲ್ಲಿ ಸಲಿಂಗಕಾಮದ ಪ್ರಚಾರಕ್ಕೆ ದಾರಿ ಮಾಡುತ್ತಿದೆಯೆಂದು ದೂರಿದ್ದವರು ಅವರು. 2003ರಲ್ಲಿ ಕಲಮಿನ ಕೆಲವು ಅಂಶಗಳನ್ನಾದರೂ ಉಳಿಸುವ ತಿದ್ದುಪಡಿಯ ಪರ ಮತ ಹಾಕಿದ್ದರು. 2005ರ ಡಿಸೆಂಬರಿನಲ್ಲಿ ನಾಯಕರಾದರು. 2009ರ ಜುಲೈನಲ್ಲಿ ಸಲಿಂಗಪ್ರೇಮಿಗಳಿಗಾಗಿ ಏರ್ಪಡಿಸಿದ್ದ ಸಭೆಯೊಂದರಲ್ಲಿ 28ನೆಯ ಕಲಂ ತಪ್ಪಾಗಿತ್ತೆಂದು ಕ್ಷಮೆ ಕೇಳಿದರು. ಪತ್ರಿಕೆಗಳು ಇದನ್ನು ದೊಡ್ಡ ತಿರುವೆಂದು ಬರೆದವು.

ನನ್ನ ಓದಿನಲ್ಲಿ ಇದು ಜಗಲಿಯ ಮಾತು. ಕ್ಷಮೆ ಕೇಳಿದ್ದು ನೊಂದವರನ್ನು ಎಂಬುದು ಸರಿಯೇ. ಆದರೆ ನೋಯಿಸಿದವರು ಆ ಸಭೆಯಲ್ಲಿ ಇರಲಿಲ್ಲ. ಅದರ ಹಿಂದಿನ ತಿಂಗಳಷ್ಟೇ ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಕನ್ಸರ್ವೇಟಿವ್ ಪಕ್ಷ ಹೊಸ ಕೂಟ ಕಟ್ಟಿಕೊಂಡಿತ್ತು. ಪೋಲೆಂಡಿನ ‘ಕಾನೂನು ಮತ್ತು ನ್ಯಾಯ’ ಪಕ್ಷ ಅದರಲ್ಲಿ ಜೊತೆಗಾರ. ಆ ಪಕ್ಷದ ಲೆಹ್ ಕಚಿನ್ಸ್ಕಿ ವಾರ್ಸಾದ ಮೇಯರ್ ಆಗಿದ್ದಾಗ, 2004 ಮತ್ತು 2005ರಲ್ಲಿ, ಸಲಿಂಗಪ್ರೇಮಿಗಳ ಮೆರವಣಿಗೆಯನ್ನು ನಿಷೇಧಿಸಿದ್ದವರು. 2010ರ ಚುನಾವಣೆಗೆ ಮುಂಚೆ ‘ಗೇ ಟೈಮ್ಸ್’ ಪತ್ರಿಕೆಗೆ ಕ್ಯಾಮರನ್ ಸಂದರ್ಶನ ಕೊಟ್ಟರು. ಲಿಥುವೇನಿಯಾ ದೇಶ 28ನೆಯ ಕಲಮನ್ನೇ ಹೋಲುವ ಕಾನೂನು ತಂದಿತ್ತು; ಅದನ್ನು ಖಂಡಿಸುವ ಗೊತ್ತುವಳಿಯನ್ನು ನಿಮ್ಮವರು ಯಾಕೆ ಬೆಂಬಲಿಸಲಿಲ್ಲ ಎಂಬ ಪ್ರಶ್ನೆ ಬಂತು. ಅವರು ತಡವರಿಸಿದರು, ಚಿತ್ರೀಕರಣ ನಿಲ್ಲಿಸುವಂತೆ ಕೇಳಿಕೊಂಡರು. ಆ ತಡವರಿಕೆ ನನಗೆ ಕ್ಷಮಾಪಣೆಗಿಂತ ಹೆಚ್ಚು ಅರ್ಥಪೂರ್ಣವೆನಿಸುತ್ತದೆ. ಜಗಲಿಯಲ್ಲಿ ಕೂತ ಅತಿಥಿ ಒಳಗಿನ ಬಾಗಿಲು ತೆರೆದು ಇಣುಕಿದ ಗಳಿಗೆ ಅದು.

ಹಾಗೆಂದು ಕ್ಯಾಮರನ್ ಎಲ್ಲ ಮಾತನ್ನೂ ಜಗಲಿಯಲ್ಲೇ ಆಡಿದರೆಂದರೆ ಅನ್ಯಾಯವಾಗುತ್ತದೆ. 2006ರಲ್ಲೇ, ಮೇ ಎದ್ದು ನಿಂತಿದ್ದ ಅದೇ ಬೋರ್ನ್‌ಮತ್‌ನಲ್ಲಿ, ಮದುವೆಯ ಬದ್ಧತೆಯನ್ನು ಹೊಗಳುತ್ತ, ಅದು ಗಂಡು ಹೆಣ್ಣಿನ ನಡುವೆ ಇರಲಿ, ಹೆಣ್ಣು ಹೆಣ್ಣಿನ ನಡುವೆ ಇರಲಿ, ಗಂಡು ಗಂಡಿನ ನಡುವೆ ಇರಲಿ ಬೆಲೆಯುಳ್ಳದ್ದೇ ಎಂದಿದ್ದರು. 2011ರ ಅಕ್ಟೋಬರಿನಲ್ಲಿ ಪ್ರಧಾನಿಯಾಗಿ ಮ್ಯಾಂಚೆಸ್ಟರ್ ಸಮಾವೇಶದಲ್ಲಿ ನಿಂತು ಇನ್ನೂ ಮುಂದೆ ಹೋದರು. ಒಬ್ಬರಿಗೊಬ್ಬರು ಮಾತು ಕೊಟ್ಟು, ಒಬ್ಬರನ್ನೊಬ್ಬರು ಆಧರಿಸಿ ಬಾಳುವುದರಿಂದ ಸಮಾಜ ಗಟ್ಟಿಯಾಗುತ್ತದೆಂದು ಕನ್ಸರ್ವೇಟಿವರು ನಂಬುತ್ತಾರೆ. ಆದ್ದರಿಂದ ತಾನು ಕನ್ಸರ್ವೇಟಿವ್ ಆಗಿದ್ದರೂ ಸಲಿಂಗ ವಿವಾಹವನ್ನು ಬೆಂಬಲಿಸುವುದಲ್ಲ, ಕನ್ಸರ್ವೇಟಿವ್ ಆಗಿರುವುದರಿಂದಲೇ ಬೆಂಬಲಿಸುತ್ತೇನೆ ಎಂದರು.

ಕನ್ನಡಕ್ಕೆ ತಂದುಕೊಂಡಾಗ ಈ ಮಾತಿನ ಕೀಲು ಎಲ್ಲಿದೆಯೆಂದು ಥಟ್ಟನೆ ಕಾಣುತ್ತದೆ. ‘ಆಗಿದ್ದರೂ’ ಎಂಬುದು ವಿನಾಯಿತಿಯ ಭಾಷೆ. ನಮ್ಮ ಧರ್ಮ ಒಪ್ಪದಿದ್ದರೂ, ನಮ್ಮವರಿಗೆ ಸರಿಬರದಿದ್ದರೂ, ಪಾಪ, ಇರಲಿ ಬಿಡಿ ಎನ್ನುವ ಔದಾರ್ಯ ಅದರಲ್ಲಿದೆ. ಔದಾರ್ಯವನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು. ‘ಆಗಿರುವುದರಿಂದಲೇ’ ಎಂದಾಗ ವಾದ ತಿರುಗಿ ನಿಲ್ಲುತ್ತದೆ. ಈಗ ವಿವರಣೆ ಕೊಡಬೇಕಾದವರು ಅತಿಥಿಗಳಲ್ಲ, ಮನೆಯವರು. ನೀವು ಮದುವೆಯನ್ನು ಪವಿತ್ರವೆನ್ನುತ್ತೀರಲ್ಲ, ಹಾಗಿದ್ದರೆ ಅದನ್ನು ಬಯಸಿ ಬಂದವರನ್ನು ಯಾಕೆ ತಡೆಯುತ್ತೀರಿ ಎಂದು ಪಕ್ಷದ ಹಳೆಯ ನಂಬಿಕೆಯನ್ನೇ ಸಾಕ್ಷಿಗೆ ಕರೆದಂತಾಯಿತು. ಇದು ನಡುಮನೆಯ ಮಾತು. ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಸ್ಥಳೀಯ ಶಾಖೆಗಳ ಕೆಲವು ಅಧ್ಯಕ್ಷರು ಪ್ರಧಾನಿಗೆ ಪತ್ರ ಬರೆದು ಪ್ರತಿಭಟಿಸಿದರು. 2013ರ ಫೆಬ್ರವರಿ 5ರಂದು ಕಾಮನ್ಸ್ ಸಭೆಯಲ್ಲಿ ಮಸೂದೆಗೆ 400 ಮತಗಳು ಪರವಾಗಿ, 175 ವಿರುದ್ಧವಾಗಿ ಬಿದ್ದವು. ಪ್ರಧಾನಿಯ ಸ್ವಂತ ಪಕ್ಷದಲ್ಲಿ ಮಾತ್ರ ಪರ ಹಾಕಿದವರಿಗಿಂತ ವಿರುದ್ಧ ಹಾಕಿದವರೇ ಹೆಚ್ಚು. ಮನೆಯ ಅರ್ಧಕ್ಕಿಂತ ಹೆಚ್ಚು ಜನ ಮುನಿಸಿಕೊಂಡರೂ ಯಜಮಾನ ಮಾತು ಬದಲಿಸಲಿಲ್ಲ.

ಆ ದಿನದ ಚರ್ಚೆಯಲ್ಲಿ ಮೈಕ್ ಫ್ರೀರ್ ಎಂಬ ಕನ್ಸರ್ವೇಟಿವ್ ಸಂಸದ ಆಡಿದ ಮಾತು ನನಗೆ ಕ್ಯಾಮರನ್ ಮಾತಿಗಿಂತಲೂ ಮುಖ್ಯವೆನಿಸುತ್ತದೆ. ಸ್ವತಃ ಸಲಿಂಗಪ್ರೇಮಿಯಾದ ಅವರು ತಮ್ಮ ಪಕ್ಷದವರ ಕಡೆ ತಿರುಗಿ ಕೇಳಿದ್ದು ಇಷ್ಟು: ಸಮಿತಿಗಳಲ್ಲಿ ನಿಮ್ಮ ಪಕ್ಕದಲ್ಲೇ ಕೂರುತ್ತೇನೆ, ಚಹದ ಕೋಣೆಯಲ್ಲೂ ನಿಮ್ಮ ಜೊತೆಗಿರುತ್ತೇನೆ, ಮತ ಹಾಕಲು ನಿಮ್ಮದೇ ಸಾಲಿನಲ್ಲಿ ನಿಲ್ಲುತ್ತೇನೆ; ಮದುವೆಯ ಮಾತು ಬಂದಾಗ ಮಾತ್ರ ಬೇರೆ ಸಾಲಿನಲ್ಲಿ ನಿಲ್ಲಲು ಯಾಕೆ ಹೇಳುತ್ತೀರಿ? ಬೇರೆ ಸಾಲು, ಬೇರೆ ಲೋಟ, ಬೇರೆ ಬಾವಿ ಎಂದರೇನೆಂದು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಕ್ಯಾಮರನ್ ಮಾತಿನಲ್ಲಿ ತತ್ವವಿತ್ತು; ಇಲ್ಲಿ ಒಬ್ಬ ಮನುಷ್ಯನಿದ್ದ. ಹೊರಗಿನವನೆಂದು ಭಾವಿಸಿದ್ದ ವ್ಯಕ್ತಿ ಇಷ್ಟು ದಿನವೂ ತಮ್ಮ ಪಕ್ಕದಲ್ಲೇ ಚಹ ಕುಡಿಯುತ್ತಿದ್ದವನೆಂದು ಮನೆಯವರಿಗೆ ಅವನ ಬಾಯಿಂದಲೇ ತಿಳಿಯುವುದು ದೊಡ್ಡ ಘಟನೆ.

ಕ್ಯಾಮರನ್ ವಾದಕ್ಕೆ ಒಂದು ಮಿತಿಯಿದೆ, ಅದನ್ನೂ ಹೇಳಬೇಕು. ಮದುವೆಯೆಂಬ ಚೌಕಟ್ಟಿನ ಮೂಲಕ ಒಳಗೆ ಕರೆದಾಗ, ನಮ್ಮಂತೆಯೇ ಜೋಡಿಯಾಗಿ, ನಮ್ಮಂತೆಯೇ ಮನೆ ಮಾಡಿ ಬಾಳುವವರಿಗೆ ಮಾತ್ರ ಸ್ವಾಗತ ಎಂಬ ಷರತ್ತು ಅದರಲ್ಲಿ ಅಡಗಿರುತ್ತದೆ. ಒಂಟಿಯಾಗಿರುವವರು, ಗೆಳೆಯರ ಬಳಗವನ್ನೇ ಕುಟುಂಬ ಮಾಡಿಕೊಂಡವರು, ಮದುವೆಯೆಂಬ ವ್ಯವಸ್ಥೆಯನ್ನೇ ಪ್ರಶ್ನಿಸುವವರು ಈ ಬಾಗಿಲಲ್ಲಿ ಹಾಯಲಾರರು. 1988ರಲ್ಲಿ ಸೋಗಿನ ಸಂಸಾರ ಎಂದವರು 2013ರಲ್ಲಿ ನಿಮ್ಮದೂ ನಿಜವಾದ ಸಂಸಾರವೇ ಎಂದರು. ಯಾವುದು ನಿಜ ಎಂದು ತೀರ್ಮಾನಿಸುವ ಅಧಿಕಾರವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಆದರೂ ಸಂಪ್ರದಾಯವಾದಿ ಪಕ್ಷವೊಂದು ತನ್ನ ನಂಬಿಕೆಯ ಭಾಷೆಯಲ್ಲದೆ ಬೇರೆ ಯಾವ ಭಾಷೆಯಲ್ಲಿ ಮಾತಾಡಬೇಕಿತ್ತು ಎಂದೂ ಕೇಳಿಕೊಳ್ಳಬೇಕಾಗುತ್ತದೆ.

ಹೀಗಲ್ಲದ ಕರೆ ಹೇಗಿರುತ್ತದೆಂದು ತಿಳಿಯಲು ಅಮೆರಿಕದ ಕಡೆ ಒಮ್ಮೆ ನೋಡಬಹುದು. 1995ರಲ್ಲಿ ‘ಲಾಗ್ ಕ್ಯಾಬಿನ್ ರಿಪಬ್ಲಿಕನ್ಸ್’ ಎಂಬ ಸಲಿಂಗಪ್ರೇಮಿ ರಿಪಬ್ಲಿಕನ್ನರ ಸಂಘ ಬಾಬ್ ಡೋಲ್ ಅವರ ಚುನಾವಣಾ ನಿಧಿಗೆ 1,000 ಡಾಲರ್ ಕೊಟ್ಟಿತ್ತು. ಡೋಲ್ ಕಡೆಯವರು ಅದನ್ನು ಹಿಂದಿರುಗಿಸಿದರು. ಕೊನೆಗೆ ಡೋಲ್ ಅವರೇ ಹಾಗೆ ಮಾಡಬಾರದಿತ್ತು ಎಂದರು. 2016ರ ಜುಲೈನಲ್ಲಿ ಕ್ಲೀವ್‌ಲ್ಯಾಂಡ್ ಸಮಾವೇಶದಲ್ಲಿ ಡೊನಾಲ್ಡ್ ಟ್ರಂಪ್ ಈ ಸಮುದಾಯದ ಹೆಸರು ಹಿಡಿದು ಮಾತಾಡಿದರು. ಹಿಂದಿನ ತಿಂಗಳು ಆರ್ಲ್ಯಾಂಡೊ ನಗರದ ಕ್ಲಬ್ಬಿನಲ್ಲಿ 49 ಜನರ ಹತ್ಯೆಯಾಗಿತ್ತು. ದ್ವೇಷ ತುಂಬಿದ ಪರದೇಶದ ಸಿದ್ಧಾಂತದಿಂದ ಇವರನ್ನು ಕಾಪಾಡುತ್ತೇನೆಂದು ಟ್ರಂಪ್ ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ಅದೇ ಸಮಾವೇಶ ಒಪ್ಪಿದ ಪ್ರಣಾಳಿಕೆ ಮದುವೆಯೆಂದರೆ ಗಂಡು ಹೆಣ್ಣಿನದೇ ಎಂದು ಪಟ್ಟು ಹಿಡಿದಿತ್ತು. ಹೊರಗಿನ ವೈರಿಯನ್ನು ತೋರಿಸಿ ಒಳಗೆ ಕರೆಯುವ ರೀತಿ ಇದು. ಇದರಲ್ಲಿ ಮನೆಯವರು ಏನನ್ನೂ ಬದಲಿಸಿಕೊಳ್ಳಬೇಕಿಲ್ಲ. 2024ರ ಪ್ರಣಾಳಿಕೆಯಲ್ಲಿ ಮದುವೆಯ ಆ ವ್ಯಾಖ್ಯೆ ಇರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಲಂಡನ್ನಿನಲ್ಲಿದ್ದಾನೆ. ಮಲೆನಾಡಿನ ಕಡೆಯವನು. ಕಾಮನ್‌ವೆಲ್ತ್ ದೇಶದ ಪ್ರಜೆಯಾದ್ದರಿಂದ ಅಲ್ಲಿ ಅವನಿಗೆ ಮತದ ಹಕ್ಕಿದೆ. 2015ರಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಮತ ಹಾಕಿದನಂತೆ. ಊರಿಗೆ ಬಂದಿದ್ದಾಗ ತನ್ನ ವಿಷಯವನ್ನು ನನ್ನ ಹತ್ತಿರ ಹೇಳಿಕೊಂಡ. ತಾಯಿಗೆ ಹೇಳಿರಲಿಲ್ಲ. ಅವರು ಮತಕ್ಕಾಗಿ ಆಡಿದ ಮಾತನ್ನು ನೀನು ನಂಬಿದೆಯಾ ಎಂದು ಕೇಳಿದೆ. ‘ಮತಕ್ಕಾಗಿಯೇ ಇರಬಹುದು ಸಾರ್. ನಮ್ಮನೇಲಿ ಪ್ರೀತಿಗಾಗಿಯೂ ಯಾರೂ ಅಷ್ಟು ಹೇಳಲ್ಲವಲ್ಲ’ ಎಂದ. ಆಮೇಲೆ ಅಡಕೆಯ ಧಾರಣೆಯ ವಿಷಯ ಮಾತಾಡಿದೆವು. ಮತಬ್ಯಾಂಕು, ಓಲೈಕೆ ಎಂಬ ಪದಗಳನ್ನು ಸಲೀಸಾಗಿ ಬಳಸುವ ನಾವು, ಓಲೈಸಿಕೊಂಡವನಿಗೆ ಅದು ಹೇಗೆ ಕೇಳಿಸುತ್ತದೆಂದು ವಿಚಾರಿಸುವುದು ಕಡಿಮೆ. ಅವನು ಅದನ್ನು ನಂಬಿ ಮೋಸಹೋಗಿರಲಿಲ್ಲ. ತನ್ನ ತಂದೆಯ ವಯಸ್ಸಿನ, ತಂದೆಯಂಥದೇ ನಂಬಿಕೆಗಳ ಜನರ ಎದುರು ಒಬ್ಬ ದೊಡ್ಡ ಮನುಷ್ಯ ನಿಂತು ಈ ಮಾತು ಹೇಳಬಹುದು ಎಂಬುದಷ್ಟೇ ಅವನಿಗೆ ಬೇಕಿತ್ತೆಂದು ಕಾಣುತ್ತದೆ.

ಆ ಪಕ್ಷ ಅಲ್ಲಿಗೇ ನಿಲ್ಲಲಿಲ್ಲ, ಅಷ್ಟೇ ಬೇಗ ಮುಂದಕ್ಕೂ ಹೋಗಲಿಲ್ಲ. ಸಲಿಂಗಪ್ರೇಮವನ್ನು ‘ಗುಣಪಡಿಸುವ’ ಚಿಕಿತ್ಸೆಗಳನ್ನು ನಿಷೇಧಿಸುವುದಾಗಿ 2018ರಲ್ಲಿ ತೆರೆಸಾ ಮೇ ಸರ್ಕಾರ ಮಾತು ಕೊಟ್ಟಿತು; 2024ರಲ್ಲಿ ಪಕ್ಷ ಅಧಿಕಾರ ಕಳೆದುಕೊಳ್ಳುವ ತನಕವೂ ಆ ಕಾನೂನು ಬರಲಿಲ್ಲ. 2023ರ ಸಮಾವೇಶದಲ್ಲಿ ಪ್ರಧಾನಿ ರಿಷಿ ಸುನಕ್, ಗಂಡು ಗಂಡೇ, ಹೆಣ್ಣು ಹೆಣ್ಣೇ, ಇದು ಬರೀ ಸಾಮಾನ್ಯ ಜ್ಞಾನ ಎಂದಾಗ ಸಭೆಯಲ್ಲಿ ಜೋರು ಚಪ್ಪಾಳೆ. ಲಿಂಗಾಂತರಿಗಳಿಗೆ ಸಂಬಂಧಿಸಿದ ಕಾನೂನಿನ ಪ್ರಶ್ನೆಗಳು ಸರಳವಲ್ಲ, ಅವುಗಳ ಬಗ್ಗೆ ಭಿನ್ನಾಭಿಪ್ರಾಯವಿರುವುದು ತಪ್ಪೂ ಅಲ್ಲ. ನಾನು ಗಮನಿಸುತ್ತಿರುವುದು ಚಪ್ಪಾಳೆಯನ್ನು. ಈ ಸಮಾವೇಶ ನಡೆದದ್ದೂ ಮ್ಯಾಂಚೆಸ್ಟರಿನಲ್ಲೇ. 2011ರ ಮಾತು ಮನೆಯವರಿಗೆ ಕಷ್ಟಕೊಟ್ಟಿತ್ತು. 2023ರ ಮಾತು ಮನೆಯವರಿಗೆ ಸುಖಕೊಟ್ಟಿತು. ಕೆಲವರನ್ನು ಒಳಗೆ ಕರೆದಮೇಲೆ ಉಳಿದವರನ್ನು ಅಂಗಳದಲ್ಲಿ ನಿಲ್ಲಿಸುವುದು ಯಾವ ಮನೆಗೂ ಸುಲಭ.

ಈ ಕಥೆಗೆ ನಮ್ಮದೂ ಒಂದು ಎಳೆಯಿದೆ. 1860ರ ಭಾರತೀಯ ದಂಡ ಸಂಹಿತೆಯ 377ನೆಯ ಕಲಮನ್ನು ಇಲ್ಲಿ ತಂದವರು ಇಂಗ್ಲಿಷರು. 2018ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಸೇರಿದ ಕಾಮನ್‌ವೆಲ್ತ್ ಸಭೆಯಲ್ಲಿ ತೆರೆಸಾ ಮೇ, ಇಂಥ ಕಾನೂನುಗಳನ್ನು ತಮ್ಮ ದೇಶ ಬೇರೆ ದೇಶಗಳಲ್ಲಿ ನೆಟ್ಟದ್ದಕ್ಕೆ ತೀವ್ರ ವಿಷಾದ ವ್ಯಕ್ತಪಡಿಸಿದರು. ಅದನ್ನು ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಅವರ ಮತದಾರರಲ್ಲ. ಅದರಿಂದ ಮತದ ಲಾಭವೇನೂ ಇರಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಆ ಕಲಮಿನ ಹಿಡಿತದಿಂದ ಬಿಡಿಸಿತು. ಆಗ ಕೇಂದ್ರ ಸರ್ಕಾರ ಪರವಾಗಿಯೂ ಹೇಳಲಿಲ್ಲ, ವಿರುದ್ಧವಾಗಿಯೂ ಹೇಳಲಿಲ್ಲ. ನ್ಯಾಯಾಲಯದ ವಿವೇಚನೆಗೆ ಬಿಟ್ಟಿತು. 2023ರಲ್ಲಿ ಸಲಿಂಗ ವಿವಾಹದ ಪ್ರಶ್ನೆ ಬಂದಾಗ ಇದು ನಗರದ ಮೇಲ್ವರ್ಗದವರ ವಿಚಾರವೆಂದು ಅದೇ ಸರ್ಕಾರ ವಿರೋಧಿಸಿತು. ಆ ವರ್ಷದ ಅಕ್ಟೋಬರ್ 17ರಂದು ಕೋರ್ಟು ಆ ಹಕ್ಕನ್ನು ಮಾನ್ಯ ಮಾಡಲಿಲ್ಲ.

ಮಲೆನಾಡಿನ ತೋಟದ ಮನೆಯಲ್ಲಿ ಹುಟ್ಟಿದ ಹುಡುಗ ನಗರದ ಮೇಲ್ವರ್ಗದವನಾಗುವುದು ಹೇಗೆಂದು ನನಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ನ್ಯಾಯಾಲಯ ಆಡಬೇಕಾದ್ದನ್ನು ಒಂದಿಷ್ಟು ಆಡಿದೆ. ಎಡಬಲ ಯಾವ ದೊಡ್ಡ ಪಕ್ಷದ ಯಾವ ನಾಯಕರೂ ತಮ್ಮ ಹಳೆಯ ಬೆಂಬಲಿಗರು ತುಂಬಿದ ಬಹಿರಂಗ ಸಭೆಯಲ್ಲಿ, ನಮ್ಮ ಹಿರಿಯರು ಬಾಳಿ ತೋರಿಸಿದ ಗೃಹಸ್ಥಧರ್ಮವನ್ನು ನಂಬುವುದರಿಂದಲೇ ಈ ಮಕ್ಕಳ ಮನೆಯನ್ನೂ ಮನೆಯೆನ್ನುತ್ತೇನೆ ಎಂದು ಹೇಳಿದ್ದನ್ನು ನಾನಿನ್ನೂ ಕೇಳಿಲ್ಲ. ಹಾಗೆ ಹೇಳಲು ಬೇಕಾದ ಪ್ರತ್ಯಯ ನಮ್ಮ ಕನ್ನಡದಲ್ಲಿ ಇದೆ.